ಗುಂಪಿನ ಹಳೇ ಚಾಟ್ ಅಳಿಸೋ ಮುಂಚೆ ಮರದ ಹೆಸರಲ್ಲೊಂದು ಕಡತ ಮಾಡಿ

ಫೋನಿನಲ್ಲಿ ‘ಸ್ಟೋರೇಜ್ ಫುಲ್’ ಅಂತ ಬಂದ ತಕ್ಷಣ ನೀವು ಮೊದಲು ಅಳಿಸೋದು ಏನನ್ನ? ನನಗೆ ಗೊತ್ತಿರೋ ಹುಡುಗರಲ್ಲಿ ಹೆಚ್ಚಿನವರು ಕೈ ಹಾಕೋದು ಕೃಷಿ ಗುಂಪುಗಳಿಗೇ. ಗುಡ್ ಮಾರ್ನಿಂಗ್ ಹೂವು, ಅಡಿಕೆ ರೇಟು, ಯಾರದೋ ಹುಟ್ಟುಹಬ್ಬದ ಕೇಕು, ಎಲ್ಲವೂ ಒಂದೇ ಏಟಿಗೆ ಹೋಗುತ್ತೆ. ಅವುಗಳ ನಡುವೆ ಹಲಸಿನ ಕಸಿ ಯಾಕೆ ಒಣಗಿತು ಅಂತ ಮೂರು ದಿನ ನಡೆದ ಚರ್ಚೆಯೂ ಹೋಗುತ್ತೆ. ಮುಂದಿನ ಮಳೆಗಾಲಕ್ಕೆ ಅದೇ ಪ್ರಶ್ನೆಯನ್ನು ಇನ್ನೊಬ್ಬ ಕೇಳುತ್ತಾನೆ, ಉತ್ತರ ಕೊಟ್ಟಿದ್ದವರು ಅಷ್ಟರಲ್ಲಿ ಗುಂಪು ಬಿಟ್ಟಿರುತ್ತಾರೆ.

ಈ ವಾರದ ಪಾಠ ಗೊಬ್ಬರದ್ದಲ್ಲ, ಔಷಧಿಯದ್ದೂ ಅಲ್ಲ. ಗಿಡಮರಗಳ ಬಗ್ಗೆ ಗುಂಪುಗಳಲ್ಲಿ ಆಗಿಹೋದ ಮಾತನ್ನು ಕೂಡಿಡೋದು ಹೇಗೆ ಅನ್ನೋದು. ಲೈಬ್ರರಿ ಕೆಲಸದ ಥರ ಕೇಳಿಸುತ್ತೆ, ನಿಜ. ಆದರೆ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಇದಕ್ಕೆ ದುಡ್ಡಿನ ಲೆಕ್ಕವೂ ಇದೆ. ಅದನ್ನು ಹಲಸಿನ ಮರದಿಂದಲೇ ಶುರು ಮಾಡುತ್ತೇನೆ.

ಚೇಳೂರಿನ ಒಂದು ಮರ

ಹಲಸು ಪರಕೀಯ ಪರಾಗಸ್ಪರ್ಶದ ಮರ. ಅಂದರೆ ಒಂದು ಮರದ ಹೆಣ್ಣು ಹೂವಿಗೆ ಪಕ್ಕದ ಇನ್ನಾವುದೋ ಮರದ ಪರಾಗ ಬಂದು ಸೇರುತ್ತೆ. ಹಾಗಾಗಿ ಒಳ್ಳೇ ಹಣ್ಣು ತಿಂದು ಬೀಜ ಹೂತರೆ ಅದೇ ಹಣ್ಣು ಬರುತ್ತೆ ಅನ್ನೋ ಖಾತ್ರಿ ಇಲ್ಲ. ಬೀಜದಿಂದ ಎದ್ದ ಪ್ರತಿ ಹಲಸೂ ಬೇರೆ ಬೇರೆ. ಒಂದರ ತೊಳೆ ಗಟ್ಟಿ, ಇನ್ನೊಂದರದ್ದು ಲೊಳೆ. ಒಂದಕ್ಕೆ ಕೈಯೆಲ್ಲಾ ಅಂಟು, ಇನ್ನೊಂದಕ್ಕೆ ಎಣ್ಣೆ ಹಚ್ಚೋದೇ ಬೇಡ. ಹಣ್ಣಿನ ಕಾಲದಲ್ಲಿ ಚೇಳೂರು ಮಾರುಕಟ್ಟೆಗೆ ಒಂದು ಸಲ ಹೋಗಿ ನೋಡಿ, ರಾಶಿಯಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಕಸಿ ಮಾಡಿಟ್ಟುಕೊಳ್ಳದೆ ಮರ ಬಿದ್ದರೆ ಆ ರುಚಿ ಅಲ್ಲಿಗೇ ಮುಗೀತು. ಬೇರೆಲ್ಲೂ ಅದು ಸಿಗೋದಿಲ್ಲ.

ಅದೇ ಚೇಳೂರಿನಲ್ಲಿ ರೈತ ಎಸ್.ಎಸ್. ಪರಮೇಶ್ ಅವರ ಜಮೀನಿನಲ್ಲಿ ಅವರ ತಂದೆ ಸಿದ್ದಪ್ಪನವರು ಹಾಕಿದ್ದ ಒಂದು ಮರ ಇತ್ತು. ಹಣ್ಣು ಚಿಕ್ಕದು, ಸರಾಸರಿ ಎರಡೂವರೆ ಕೆ.ಜಿ. ಆಸುಪಾಸು. ತೊಳೆ ತಾಮ್ರದ ಹಾಗೆ ಕೆಂಪು. ಸಿಹಿ ಅಳೆದರೆ 31 ಬ್ರಿಕ್ಸ್. ಟೊಮ್ಯಾಟೊಗೆ ಕೆಂಪು ಬಣ್ಣ ಕೊಡೋ ಲೈಕೋಪಿನ್ ಇದರ ತೊಳೆಯಲ್ಲೂ ಇದೆ. ತುಮಕೂರು ಹತ್ತಿರದ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಈ ಮರವನ್ನು ಗುರುತಿಸಿ ಪರೀಕ್ಷೆ ಮಾಡಿದರು. ಈ ಕೇಂದ್ರ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ್ದು. ತಂದೆಯ ನೆನಪಿಗೆ ತಳಿಗೆ ‘ಸಿದ್ದು’ ಅಂತ ಹೆಸರಾಯಿತು. 2017ರಲ್ಲಿ ಸಂಸ್ಥೆ ರೈತರ ಜೊತೆ ಒಪ್ಪಂದ ಮಾಡಿಕೊಂಡಿತು. ಕಸಿ ಗಿಡ ಮಾರಿ ಬಂದ ಹಣದಲ್ಲಿ ನೂರಕ್ಕೆ 75 ಪಾಲು ಪರಮೇಶ್ ಅವರಿಗೆ. ಮೊದಲ ಇಪ್ಪತ್ತು ತಿಂಗಳಿನಲ್ಲೇ ಹತ್ತು ಲಕ್ಷದಷ್ಟು ಬಂದಿದ್ದು ಆಗ ದೊಡ್ಡ ಸುದ್ದಿ. ಆಮೇಲೆ ನಮ್ಮ ಜಿಲ್ಲೆಯದೇ ಇನ್ನೊಂದು ಕೆಂಪು ತೊಳೆಯ ಹಲಸು ‘ಶಂಕರ’ ಅನ್ನೋ ಹೆಸರಲ್ಲಿ ಹೊರಗೆ ಬಂತು.

ಈ ಕಥೆ ನೀವು ಎಷ್ಟೋ ಸಲ ಕೇಳಿರುತ್ತೀರಿ. ಎಲ್ಲರೂ ಹಣದ ಮಾತಾಡುತ್ತಾರೆ, ನಾನು ಬೇರೆ ಕಡೆ ಬೊಟ್ಟು ಮಾಡುತ್ತೇನೆ. ಕೆಂಪು ತೊಳೆಯ ಮರಗಳು ನಮ್ಮಲ್ಲಿ ಇನ್ನೂ ಇವೆ, ಬದುವಿನಲ್ಲಿ, ದೇವಸ್ಥಾನದ ಹಿಂದೆ, ಹಳೇ ಬಾವಿ ಪಕ್ಕ. ಆದರೆ ಸಿದ್ದು ವಿಷಯದಲ್ಲಿ ಮರ ಎಲ್ಲಿದೆ, ಹಾಕಿದ್ದು ಯಾರು, ಹಣ್ಣಿನ ತೂಕ ಎಷ್ಟು, ತೊಳೆಯ ಬಣ್ಣ ಯಾವುದು, ಸಿಹಿ ಎಷ್ಟು ಅನ್ನೋದೆಲ್ಲಾ ಒಂದೇ ಮರದ ಹೆಸರಿನಡಿ ಒಟ್ಟಿಗೆ ದಾಖಲಾಯಿತು. ಉಳಿದ ಮರಗಳ ಬಗ್ಗೆ ಇದೇ ಮಾಹಿತಿ ಹತ್ತು ಜನರ ಹತ್ತು ಮೆಸೇಜಿನಲ್ಲಿ ಚೆಲ್ಲಾಡಿಕೊಂಡು ಬಿದ್ದಿದೆ.

ಎಲ್ಲಿ ಕಳೆದುಹೋಗುತ್ತೆ?

ಫೋನ್ ಬರೋ ಮುಂಚಿನ ಒಂದು ಉದಾಹರಣೆ ಮೊದಲು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಸ್ವಲ್ಪ ದಿನದಲ್ಲೇ ನಮ್ಮ ತೋಟಗಳಿಗೂ ಬಂತು. ಕಾಯಿ ಸಣ್ಣಗಾಗಿ, ಸಿಪ್ಪೆ ಸುಟ್ಟ ಹಾಗಾಗಿ, ಸುಲಿಯೋಕೂ ಬರದ ಸ್ಥಿತಿ. ಬೇವಿನೆಣ್ಣೆ ಬೆಳ್ಳುಳ್ಳಿ ಸಿಂಪಡಿಸಿದವರು, ಬೇರಿಗೆ ಔಷಧಿ ಕೊಟ್ಟವರು, ಏನೂ ಮಾಡದೆ ಕೈ ಕಟ್ಟಿ ಕೂತವರು, ಮೂವರೂ ಇದ್ದರು. ಟೀ ಅಂಗಡಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಯಾರ ತೋಟದಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅಂತ ಬರೆದಿಟ್ಟವರು ಬೆರಳೆಣಿಕೆ. ಇಲಾಖೆಯ ಕರಪತ್ರದಲ್ಲಿ ಏನು ಮಾಡಬೇಕು ಅಂತ ಇರುತ್ತೆ. ಮಾಡಿ ಸೋತಿದ್ದು ಇರೋದಿಲ್ಲ.

2016ರಲ್ಲಿ ರುಗೋಸ್ ಸುರುಳಿ ಬಿಳಿನೊಣ ದಕ್ಷಿಣ ಭಾರತಕ್ಕೆ ಬಂದಾಗ ಪರಿಸ್ಥಿತಿ ಬದಲಾಗಿತ್ತು. ಗರಿಯ ಅಡಿಯ ಬಿಳಿ ಸುರುಳಿ, ಮೇಲಿನ ಕಪ್ಪು ಮಸಿ, ಎಲ್ಲಾ ಫೋಟೊ ಆಗಿ ಗುಂಪುಗಳಲ್ಲಿ ಓಡಾಡಿದವು. ರಾಸಾಯನಿಕ ಹೊಡೆದರೆ ಬಿಳಿನೊಣವನ್ನು ಒಳಗಿಂದ ತಿನ್ನೋ ಎನ್ಕಾರ್ಸಿಯಾ ಅನ್ನೋ ಪುಟ್ಟ ಕಣಜವೂ ಸಾಯುತ್ತೆ, ಆದ್ದರಿಂದ ಹೊಡೀಬೇಡಿ ಅಂತ ವಿಜ್ಞಾನಿಗಳು ಹೇಳಿದರು. ಹೊಡೆದವರು, ಹೊಡೆಯದೆ ಕಾದವರು ಇಬ್ಬರೂ ತಮ್ಮ ತೋಟದ ಫೋಟೊ ಹಾಕಿದರು. ಎರಡು ವರ್ಷದ ಆ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಭಾಷಣವೂ ಬೇಕಾಗಿರಲಿಲ್ಲ. ಆದರೆ ಪಕ್ಕಪಕ್ಕ ಇಡೋರು ಯಾರು? ಮೊದಲ ವರ್ಷದ ಫೋಟೊ ಎರಡನೇ ವರ್ಷಕ್ಕೆ ಎಷ್ಟೋ ಫೋನುಗಳಲ್ಲಿ ಅಳಿಸಿಹೋಗಿತ್ತು.

ಕಂಪನಿಗಳನ್ನೂ ನಂಬಿ ಕೂರೋ ಹಾಗಿಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಪೂರ್ತಿ ನಿಂತುಹೋಯಿತು, ಅದಕ್ಕೂ ಮೊದಲೇ ವರ್ಷಗಟ್ಟಲೆಯ ಮಾತುಕತೆಯನ್ನು ಅಳಿಸಿದ್ದರು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಪ್ರಪಂಚದ ನಾನಾ ಕಡೆಯ ಗಿಡಪ್ರಿಯರು ಅಲ್ಲೆಲ್ಲಾ ಗುಂಪು ಕಟ್ಟಿಕೊಂಡಿದ್ದರು. ಇನ್ನೊಂದು ವಿಷಯ ಮನೆಯ ಹಿರಿಯರ ಫೋನಿದ್ದವರು ಗಮನಿಸಬೇಕು. ಎರಡು ವರ್ಷ ಬಳಸದೆ ಬಿಟ್ಟ ಗೂಗಲ್ ಖಾತೆಯನ್ನು ಅದರೊಳಗಿನ ಫೋಟೊ, ಕಡತಗಳ ಸಮೇತ ಅಳಿಸೋ ನಿಯಮ ಇದೆ. ಅಜ್ಜ ತೀರಿಕೊಂಡರು, ಫೋನ್ ಬೀರುವಿನಲ್ಲಿದೆ ಅಂದರೆ ಗಡಿಯಾರ ಓಡುತ್ತಿದೆ ಅಂತಲೇ ಅರ್ಥ.

ನಮ್ಮ ಗುಂಪಿನಲ್ಲಿ ಕುಣಿಗಲ್ ಕಡೆಯ ಹಿರಿಯರೊಬ್ಬರಿದ್ದರು. ಹೆಸರು ಹಾಕೋದು ಅವರಿಗೆ ಇಷ್ಟ ಇರಲಿಲ್ಲ, ಹಾಗಾಗಿ ಹಾಕೋದಿಲ್ಲ. ಟೈಪ್ ಮಾಡೋದು ಅವರಿಗಾಗದು, ಬೆಳಗಿನ ಜಾವ ವಾಯ್ಸ್ ಮೆಸೇಜ್ ಕಳಿಸೋರು. ಹಿಂದೆ ಹಸು ಕೂಗೋದು, ಅವರು ಕೆಮ್ಮೋದು ಎಲ್ಲಾ ಕೇಳಿಸೋದು. ಕಸಿಕಡ್ಡಿ ತೆಗೆಯೋ ವಾರ ಹತ್ತು ದಿನ ಮುಂಚೆ ತೊಟ್ಟು ಮಾತ್ರ ಬಿಟ್ಟು ಎಲೆ ಕತ್ತರಿಸಿ, ಕಣ್ಣು ಉಬ್ಬಲಿ, ಆಮೇಲೆ ಕಡ್ಡಿ ತೆಗೀರಿ ಅನ್ನೋದು ಎಲ್ಲಾ ಪುಸ್ತಕದಲ್ಲೂ ಇದೆ. ಯಾವ ಮರದ ಕಡ್ಡಿ ಹುಷಾರು, ಯಾವುದರದ್ದು ಹಾಲು ಜಾಸ್ತಿ ಸುರಿದು ಕೂಡೋದೇ ಇಲ್ಲ ಅನ್ನೋದು ಅವರ ಮೆಸೇಜಿನಲ್ಲಿ ಮಾತ್ರ ಇತ್ತು. ಕಳೆದ ವರ್ಷ ಅವರು ತೀರಿಕೊಂಡರು. ಸಿಮ್ ನಿಂತುಹೋಯಿತು, ಫೋನ್ ಯಾರೋ ಮೊಮ್ಮಗುವಿನ ಆಟಕ್ಕೆ ಹೋಯಿತು.

ಆಗ ನಾವು ಹುಡುಕೋಕೆ ಕೂತೆವು. ಅವರ ಧ್ವನಿ ಪೂರ್ತಿ ಯಾರೊಬ್ಬರ ಫೋನಿನಲ್ಲೂ ಇರಲಿಲ್ಲ. ಬಂದಾಗ ಇಳಿಸಿಕೊಳ್ಳದೆ ಬಿಟ್ಟಿದ್ದ ಹಳೇ ಮೆಸೇಜು ಈಗ ಒತ್ತಿದರೆ ‘ಸಿಗುತ್ತಿಲ್ಲ’ ಅನ್ನುತ್ತೆ, ಕಳಿಸಿದವರನ್ನೇ ಮತ್ತೆ ಕೇಳಿ ಅನ್ನುತ್ತೆ. ಯಾರನ್ನ ಕೇಳೋದು? ಐದು ಫೋನುಗಳಿಂದ ಚೂರುಪಾರು ಸೇರಿಸಿದೆವು. ಅದರಲ್ಲಿ ಒಂದು ಒಂದೂಮುಕ್ಕಾಲು ನಿಮಿಷದ್ದು, ಹುಲಿಯೂರುದುರ್ಗದ ಕಡೆ ರಸ್ತೆ ಬದಿಯಲ್ಲಿದ್ದ ಒಂದು ಹಲಸಿನ ಬಗ್ಗೆ. ತೊಳೆ ಕೆಂಪು, ಅಂಟು ಇಲ್ಲವೇ ಇಲ್ಲ, ಆಷಾಢ ಕಳೆದ ಮೇಲೂ ಹಣ್ಣು. ಆ ಮರ ರಸ್ತೆ ಅಗಲ ಮಾಡುವಾಗ ಹೋಗಿದೆ, ನಮಗೆಲ್ಲಾ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಮೆಸೇಜಿನ ಕೊನೆಯಲ್ಲಿತ್ತು: ಮರ ಕಡಿಯೋ ಹಿಂದಿನ ವರ್ಷ ಇಬ್ಬರಿಗೆ ಕಡ್ಡಿ ಕೊಟ್ಟಿದ್ದರಂತೆ. ಒಬ್ಬರ ಗಿಡ ಸತ್ತಿದೆ. ಇನ್ನೊಬ್ಬರದ್ದು ಗುಬ್ಬಿ ಕಡೆ ಅಡಿಕೆ ತೋಟದ ಅಂಚಿನಲ್ಲಿ ಆಳೆತ್ತರ ಆಗಿ ನಿಂತಿದೆ. ಇದು ಯಾವ ಮರದ್ದು ಅಂತ ತೋಟದವರಿಗೂ ಮರೆತುಹೋಗಿತ್ತು, ‘ಯಾವುದೋ ಕಸಿ’ ಅಂತ ಅಂದುಕೊಂಡಿದ್ದರು. ಮುಂದಿನ ಬೇಸಿಗೆಗೆ ನೆರಳಾಗುತ್ತೆ ಅಂತ ಅದನ್ನೂ ತೆಗೆಯೋ ಯೋಚನೆ ಇತ್ತಂತೆ.

ದಿನಾಂಕದಂತೆ ಅಲ್ಲ, ಗಿಡದಂತೆ ಜೋಡಿಸಿ

ಚಾಟ್ ಕೂಡಿಟ್ಟರೆ ಸಾಲದು ಅಂತ ನನಗೆ ಅನ್ನಿಸಿದ್ದು ಆಗಲೇ. ಚಾಟ್ ಅನ್ನೋದು ದಿನಾಂಕದಂತೆ ಹರಿಯುತ್ತೆ. ನಮಗೆ ಬೇಕಾಗೋದು ಗಿಡದಂತೆ. ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದು ‘ಇಫ್ಲೋರಾ ಆಫ್ ಇಂಡಿಯಾ’ ಅನ್ನೋ ಬಳಗ. 2007ರಲ್ಲಿ ಜೆ.ಎಂ. ಗರ್ಗ್ ಅನ್ನೋರು ಇದನ್ನು ಮರಗಳ ಫೋಟೊ ಹಂಚಿಕೊಳ್ಳೋ ಒಂದು ಗುಂಪಾಗಿ ಶುರು ಮಾಡಿದರು. ಯಾರೋ ದಾರಿಯಲ್ಲಿ ಕಂಡ ಗಿಡದ ಫೋಟೊ ಹಾಕಿ ‘ಇದು ಯಾವುದು?’ ಅಂತ ಕೇಳೋದು, ಗೊತ್ತಿದ್ದವರು ಹೇಳೋದು, ಇನ್ನೊಬ್ಬರು ‘ಅದಲ್ಲ, ಎಲೆಯ ತೊಟ್ಟು ನೋಡಿ’ ಅಂತ ತಿದ್ದೋದು. ಅವರು ಮಾಡಿದ ಜಾಣತನ ಏನಂದರೆ, ಈ ಮಾತುಕತೆಯನ್ನು ಹಾಗೇ ಬಿಡದೆ ಒಂದೊಂದು ಜಾತಿಯ ಗಿಡಕ್ಕೂ ಒಂದೊಂದು ಪುಟ ಮಾಡಿ ಅದರಡಿ ತಂದು ಜೋಡಿಸಿದ್ದು. ಫೋಟೊ ಹಾಕಿದ ದಿನ, ಜಾಗ, ಯಾರು ಏನಂದರು, ವಾದ ಎಲ್ಲವೂ ಅಲ್ಲಿದೆ.

ನಮ್ಮದು ಅಷ್ಟು ದೊಡ್ಡದಾಗಬೇಕಿಲ್ಲ. ಒಂದು ಹೋಬಳಿಯ ಇಪ್ಪತ್ತು ಮರ ಆದರೂ ಸಾಕು.

ಈಗ ಕೆಲಸಕ್ಕೆ ಬರೋಣ

ವಾಟ್ಸಾಪ್ ಗುಂಪನ್ನು ತೆಗೆದು ಮೇಲಿನ ಮೂರು ಚುಕ್ಕೆ ಒತ್ತಿ, ‘ಇನ್ನಷ್ಟು’ ಒಳಗೆ ‘ಎಕ್ಸ್‌ಪೋರ್ಟ್ ಚಾಟ್’ ಅಂತ ಇದೆ. ಫೋಟೊ ಸಮೇತ ಬೇಕೋ ಬೇಡವೋ ಅಂತ ಕೇಳುತ್ತೆ. ಫೋಟೊ ಸಮೇತ ಅಂದರೆ ಇತ್ತೀಚಿನ 10,000 ಮೆಸೇಜು ಸಿಗುತ್ತೆ, ಬರೀ ಬರಹ ಅಂದರೆ 40,000. ಗದ್ದಲದ ಗುಂಪಾದರೆ ಇಷ್ಟು ಮೆಸೇಜು ಒಂದೇ ವರ್ಷಕ್ಕೆ ತುಂಬಿಬಿಡುತ್ತೆ, ಆದ್ದರಿಂದ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ತೆಗೆದಿಡೋ ರೂಢಿ ಒಳ್ಳೇದು. ಗುಂಪಿನಲ್ಲಿ ‘ಸುಧಾರಿತ ಚಾಟ್ ಗೌಪ್ಯತೆ’ ಹಾಕಿದ್ದರೆ ಎಕ್ಸ್‌ಪೋರ್ಟ್ ಆಗೋದಿಲ್ಲ, ಅಡ್ಮಿನ್ ಹತ್ತಿರ ಮಾತಾಡಿ. ‘ಮಾಯವಾಗುವ ಮೆಸೇಜು’ ಆನ್ ಇದೆಯಾ ಅಂತಲೂ ನೋಡಿ. ಗಿಡದ ಗುಂಪಿಗೆ ಅದು ಯಾಕೆ ಬೇಕು ಅಂತ ನನಗಂತೂ ಅರ್ಥವಾಗಿಲ್ಲ.

ಫೋಟೊ ವಿಷಯದಲ್ಲಿ ಒಂದು ಕಿವಿಮಾತು. ವಾಟ್ಸಾಪಿನಲ್ಲಿ ಮಾಮೂಲಿ ಥರ ಕಳಿಸಿದರೆ ಫೋಟೊ ಕುಗ್ಗುತ್ತೆ, ಅದರೊಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕ, ಜಾಗ ಅಳಿಸಿಹೋಗುತ್ತೆ. ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಹಾಗೇ ಉಳಿಯುತ್ತೆ. ಹಣ್ಣಿನ ಪಕ್ಕ ಒಂದು ಬೆಂಕಿಪೊಟ್ಟಣವೋ ಕುಡುಗೋಲೋ ಇಟ್ಟು ತೆಗೀರಿ, ಗಾತ್ರ ಗೊತ್ತಾಗಲಿ. ಇಡೀ ಮರ, ಎಲೆಯ ಎರಡೂ ಮೈ, ಮುಳ್ಳು, ಸೀಳಿದ ಹಣ್ಣು, ಒಂದು ತೊಳೆ, ಬೀಜ. ಇಷ್ಟಿದ್ದರೆ ಯಾವ ವಿಜ್ಞಾನಿಗೆ ತೋರಿಸಿದರೂ ಮಾತು ಮುಂದಕ್ಕೆ ಹೋಗುತ್ತೆ.

ವಾಯ್ಸ್ ಮೆಸೇಜನ್ನು ಹುಡುಕೋಕೆ ಆಗಲ್ಲ, ಅದೇ ದೊಡ್ಡ ಕಷ್ಟ. ಧ್ವನಿಯ ಕಡತ ಉಳಿಸಿಕೊಳ್ಳಿ, ಜೊತೆಗೆ ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೀರಿ. ಕೀಬೋರ್ಡಿನ ಮೈಕ್ ಒತ್ತಿ ನೀವೇ ಹೇಳಿದರೂ ಟೈಪ್ ಆಗುತ್ತೆ, ಆಮೇಲೆ ತಿದ್ದಬೇಕು. ನಮ್ಮ ಸೀಮೆಯ ಮಾತು ಅದಕ್ಕೆ ಪೂರ್ತಿ ತಿಳಿಯೋದಿಲ್ಲ, ತೊಳೆ ಅಂದರೆ ನೀರಲ್ಲಿ ತೊಳೆಯೋದು ಅಂದುಕೊಂಡು ಮುಂದಿನ ಪದವನ್ನೂ ಕೆಡಿಸೀತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋರ ಮೆಸೇಜು ಇನ್ನೊಂದು ತಲೆನೋವು. ಹಲಸು ಅನ್ನೋದನ್ನ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, ಹುಡುಕಿದರೆ ಅರ್ಧ ಸಿಗೋದಿಲ್ಲ. ಕಡತಕ್ಕೆ ಹಾಕುವಾಗ ಗಿಡದ ಹೆಸರನ್ನಾದರೂ ಕನ್ನಡ ಅಕ್ಷರದಲ್ಲಿ ಒಂದೇ ಥರ ಬರೀರಿ. ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಕಡತಗಳು ಫೋನಿನಲ್ಲಿ ತೆಗೆದರೆ ಬರೀ ಗೀಚು ಕಾಣುತ್ತೆ. ಕೆಟ್ಟಿದೆ ಅಂತ ಎಸೀಬೇಡಿ, ಯೂನಿಕೋಡ್‌ಗೆ ಬದಲಾಯಿಸೋ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಕೈಬರಹದ ನೋಟ್‌ಬುಕ್ ಇದ್ದರೆ ಬೆಳಕಿನಲ್ಲಿ ಪುಟಪುಟವೂ ಫೋಟೊ ತೆಗೆದಿಡಿ.

ಒಂದು ಮರದ ಕಡತದಲ್ಲಿ ಏನೇನಿರಬೇಕು ಅಂದರೆ, ನಾವು ಹೀಗೆ ಬರೆಯುತ್ತೇವೆ. ಮೇಲೆ ‘ಹಲಸು–ಗುಬ್ಬಿ–04’ ಅಂತ ಒಂದು ಗುರುತು. ಕೆಳಗೆ ಊರವರು ಆ ಮರಕ್ಕೆ ಕರೆಯೋ ಹೆಸರು, ಇರುವ ಜಾಗ, ಸುಮಾರು ವಯಸ್ಸು, ಅದನ್ನ ಹೇಳಿದವರು ಯಾರು, ಹಣ್ಣು ಬರೋ ತಿಂಗಳು, ತೂಗಿದ್ದರೆ ತೂಕ, ತೂಗಿಲ್ಲದಿದ್ದರೆ ‘ತೂಗಿಲ್ಲ’ ಅಂತಲೇ. ಆಮೇಲೆ ಮಾತು: ದಿನಾಂಕ, ಹೇಳಿದವರು, ಹೇಳಿದ್ದು. ಇಬ್ಬರು ಎರಡು ಥರ ಹೇಳಿದ್ದರೆ ಎರಡೂ ಇರಲಿ, ತೀರ್ಪು ಕೊಡೋ ಕೆಲಸ ನಮ್ಮದಲ್ಲ. ಕೊನೆಗೆ ಕಸಿಯ ಲೆಕ್ಕ: ಯಾರಿಗೆ ಎಷ್ಟು ಕಡ್ಡಿ ಹೋಯಿತು, ಎಷ್ಟು ಕೂಡಿತು, ಎಷ್ಟು ಒಣಗಿತು. ಈ ಒಣಗಿದ ಲೆಕ್ಕ ಬರೆಯೋಕೆ ಎಲ್ಲರಿಗೂ ಸಂಕೋಚ. ನನ್ನ ಲೆಕ್ಕದಲ್ಲಿ ಇಡೀ ಕಡತದಲ್ಲಿ ಅತಿ ಹೆಚ್ಚು ಬೆಲೆ ಬಾಳೋದು ಅದೇ.

ಹೆಸರು, ಒಪ್ಪಿಗೆ, ಹಕ್ಕು

ಗುಂಪಿನ ಮಾತು ಗುಂಪಿನವರದ್ದು. ಎಕ್ಸ್‌ಪೋರ್ಟ್ ಮಾಡಿದ ಕಡತದಲ್ಲಿ ಎಲ್ಲರ ಫೋನ್ ನಂಬರ್ ಇರುತ್ತೆ, ಅದನ್ನು ಹಾಗೇ ಇನ್ನೊಂದು ಗುಂಪಿಗೆ ತಳ್ಳಬೇಡಿ. ನಂಬರ್ ತೆಗೀರಿ, ಹೆಸರು ಇರಲೋ ಬೇಡವೋ ಅಂತ ಕೇಳಿ. ಒಳ್ಳೇ ಮರದ ಲೊಕೇಶನ್ ಬಹಿರಂಗ ಮಾಡಿದರೆ ರಾತ್ರಿ ಕಡ್ಡಿ ಕದಿಯೋರೂ ಇದ್ದಾರೆ. ಹಂಚೋ ಪ್ರತಿಯಲ್ಲಿ ಹೋಬಳಿ ಹೆಸರು ಸಾಕು, ನಿಖರ ಜಾಗ ಮರದ ಯಜಮಾನರ ಪ್ರತಿಯಲ್ಲಿರಲಿ.

ಹಕ್ಕಿನ ದೃಷ್ಟಿಯಿಂದಲೂ ಈ ಕಡತಕ್ಕೆ ಬೆಲೆ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಲ್ಲಿ ನೋಂದಾಯಿಸಬಹುದು, ಬೆಳೆ ಆ ಕಾಯ್ದೆಯಡಿ ಅಧಿಸೂಚಿತ ಆಗಿರಬೇಕು. ರೈತರ ತಳಿಗೆ ನೋಂದಣಿ ಶುಲ್ಕ ಇಲ್ಲ. ಮರಗಳಿಗೆ 18 ವರ್ಷದವರೆಗೆ ರಕ್ಷಣೆ ಸಿಗುತ್ತೆ. ಅರ್ಜಿಯಲ್ಲಿ ತಳಿಯ ಗುಣಲಕ್ಷಣ, ಹಿನ್ನೆಲೆ ಬರೀಬೇಕು, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೋ ಜಿಲ್ಲಾ ಕೃಷಿ ಅಧಿಕಾರಿಯೋ ದೃಢೀಕರಿಸಬೇಕು. ಹತ್ತು ವರ್ಷದ ಫೋಟೊ, ಮಾತು, ಕಸಿಯ ಲೆಕ್ಕ ಇದ್ದವನಿಗೂ ‘ನಮ್ಮಜ್ಜ ಹೇಳ್ತಿದ್ದ’ ಅನ್ನೋನಿಗೂ ಅಲ್ಲಿ ವ್ಯತ್ಯಾಸ ಕಾಣುತ್ತೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದನ್ನು ಕೇಳಿ ತೆಗೆಸಿ ನೋಡಿ, ನಿಮ್ಮೂರ ಮರ ಅದರಲ್ಲಿದೆಯಾ ಅಂತ.

ಎಲ್ಲಿಡೋದು?

ಒಂದೇ ಕಡೆ ಬೇಡ. ಒಂದು ಪ್ರತಿ ಗೂಗಲ್ ಡ್ರೈವ್‌ನಲ್ಲಿ. ಉಚಿತ ಜಾಗ 15 ಜಿಬಿ, ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದರಲ್ಲೇ ಲೆಕ್ಕ. ಇನ್ನೊಂದು ಪ್ರತಿ ಪೆನ್ ಡ್ರೈವ್‌ನಲ್ಲಿ, ಅದು ಬೇರೆಯವರ ಮನೆಯಲ್ಲಿ. ಮೂರನೇದು ಕಾಗದದಲ್ಲಿ. ಕಾಗದ ಅಂದರೆ ನಗಬೇಡಿ. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು. ಅದರ ಮೊದಮೊದಲ ಸಂಚಿಕೆ ಯಾರ ಮನೆಯ ಅಟ್ಟದಲ್ಲಿ ಸಿಕ್ಕಿದರೂ ಇವತ್ತೂ ಓದಬಹುದು, ಚಾರ್ಜರ್ ಬೇಡ, ಪಾಸ್‌ವರ್ಡ್ ಬೇಡ. ಅದೇ ಕಾಲದ ಫ್ಲಾಪಿ ಯಾರ ಮನೆಯಲ್ಲಾದರೂ ಇದ್ದರೆ ತೆಗೆದು ತೋರಿಸಿ ನೋಡೋಣ!

ಕಡತದ ಕೀಲಿ ಒಬ್ಬನ ಕೈಯಲ್ಲೇ ಇರಬಾರದು. ನಮ್ಮಲ್ಲಿ ಡ್ರೈವ್ ಇಬ್ಬರ ಹೆಸರಲ್ಲಿದೆ, ಒಬ್ಬರು ಗುಬ್ಬಿಯವರು, ಇನ್ನೊಬ್ಬ ತುಮಕೂರಿನಲ್ಲಿ ಓದೋ ಹುಡುಗ. ಗೂಗಲ್ ಖಾತೆಯ ಸೆಟ್ಟಿಂಗ್‌ನಲ್ಲಿ ‘ನಿಷ್ಕ್ರಿಯ ಖಾತೆ ವ್ಯವಸ್ಥಾಪಕ’ ಅಂತ ಒಂದಿದೆ. ನಾವು ಬಳಸೋದು ನಿಲ್ಲಿಸಿದರೆ ಕಡತ ಯಾರಿಗೆ ಹೋಗಬೇಕು ಅಂತ ಮೊದಲೇ ಬರೆದಿಡಬಹುದು. ಹತ್ತು ನಿಮಿಷದ ಕೆಲಸ.

ಸದ್ಯಕ್ಕೆ ನಮ್ಮ ಪಟ್ಟಿಯಲ್ಲಿ ಇಪ್ಪತ್ತಮೂರು ಹಲಸು, ನಾಲ್ಕು ಹುಣಸೆ, ಒಂದು ಮಾವು ಇವೆ. ಹನ್ನೊಂದು ಹಲಸಿನ ಮುಂದೆ ‘ತೂಗಿಲ್ಲ’ ಅಂತ ಇದೆ. ಗುಬ್ಬಿ ಕಡೆಯ ಆ ಆಳೆತ್ತರದ ಗಿಡಕ್ಕೆ ಸುತ್ತ ಮುಳ್ಳು ಕಟ್ಟಿ, ‘ಹಲಸು–ಕುಣಿಗಲ್–01’ ಅಂತ ತಗಡಿನ ಚೀಟಿ ನೇತುಹಾಕಿದ್ದೇವೆ. ಕಾಯಿ ಬಿಡೋಕೆ ಇನ್ನೂ ಒಂದೆರಡು ವರ್ಷ ಬೇಕು. ತೊಳೆ ನಿಜವಾಗಲೂ ಕೆಂಪಾ ಅನ್ನೋದು ಆಗಲೇ ಗೊತ್ತಾಗೋದು.